ಗಾಂಜಾ ಗಿಡದಲ್ಲಿ ಹೆಚ್ಚು ಹೆಸರು ಮಾಡದ ಸಂಯುಕ್ತಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಬಿಜಿ, ಸಿಬಿಎನ್, ಟಿಎಚ್‌ಸಿವಿ ಎಂಬ ಅಕ್ಷರಗಳು ಈಗ ಗಾಂಜಾ ಸಾರದ ಎಣ್ಣೆ ಬಾಟಲಿಗಳ ಮೇಲೆ ಕಾಣಿಸುತ್ತಿವೆ. ಇವುಗಳ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇವೆ. ಯಾವ ಉತ್ತರ ಓದುವಾಗಲೂ ಒಂದು ವಿಷಯ ನೆನಪಿನಲ್ಲಿರಲಿ: ಸಂಶೋಧನೆಯಲ್ಲಿ ಕೊಟ್ಟದ್ದು ಎಷ್ಟು, ಬಾಟಲಿಯಲ್ಲಿ ಇರುವುದು ಎಷ್ಟು. ಜನ ಮೋಸ ಹೋಗುವುದು ಹೆಚ್ಚಾಗಿ ಈ ಎರಡರ ನಡುವಿನ ಅಂತರದಲ್ಲಿ.

### ಮೊದಲು ತಿಳಿಯಬೇಕಾದದ್ದು

ಗಾಂಜಾ ಅಂದ್ರೆ ಟಿಎಚ್‌ಸಿ, ಇಲ್ಲಾಂದ್ರೆ ಸಿಬಿಡಿ. ಅದರಲ್ಲಿ ಇನ್ನೇನಿದೆ?

ಈ ಗಿಡದಲ್ಲಿ 500ಕ್ಕೂ ಹೆಚ್ಚು ರಾಸಾಯನಿಕಗಳನ್ನು ಗುರುತಿಸಿದ್ದಾರೆ. ಅದರಲ್ಲಿ 100ಕ್ಕೂ ಹೆಚ್ಚು ಕ್ಯಾನಬಿನಾಯ್ಡ್‌ಗಳು, ಅಂದರೆ ಅಮಲು ಕೊಡುವ ಟಿಎಚ್‌ಸಿ, ಅಮಲಿಲ್ಲದ ಸಿಬಿಡಿ ಇವುಗಳ ಬಳಗದ ಸಂಯುಕ್ತಗಳು. ಉಳಿದವು ವಾಸನೆ ಕೊಡುವ ಟರ್ಪೀನ್‌ಗಳು, ಫ್ಲೇವನಾಯ್ಡ್‌ಗಳು, ಮೇಣ, ಕೊಬ್ಬಿನಾಮ್ಲ ಇತ್ಯಾದಿ. ಹೆಣ್ಣು ಗಿಡದ ಹೂವಿನ ಮೇಲೆ ಬರಿಗಣ್ಣಿಗೆ ಸಕ್ಕರೆ ಉದುರಿಸಿದಂತೆ ಕಾಣುವ ಅಂಟು ಗ್ರಂಥಿಗಳಲ್ಲೇ ಇವು ಹೆಚ್ಚಾಗಿ ತುಂಬಿರುತ್ತವೆ. ಟಿಎಚ್‌ಸಿ, ಸಿಬಿಡಿ ಬಿಟ್ಟರೆ ಉಳಿದ ಕ್ಯಾನಬಿನಾಯ್ಡ್‌ಗಳು ಸಾಮಾನ್ಯ ತಳಿಗಳಲ್ಲಿ ಒಣಹೂವಿನ ತೂಕದ 1%ಕ್ಕಿಂತ ಕಡಿಮೆ. ಇವು ಹಿಂದೆ ಉಳಿಯಲು ಅದೇ ಕಾರಣ. ಪ್ರಯೋಗ ಮಾಡುವಷ್ಟು ಶುದ್ಧ ವಸ್ತು ಸಿಗುವುದೇ ಕಷ್ಟವಾಗಿತ್ತು. ಈಗ ಸಿಬಿಜಿ ಹೆಚ್ಚಿರುವ ತಳಿಗಳು ಬಂದಿವೆ, ಯೀಸ್ಟ್‌ನಲ್ಲಿ ತಯಾರಿಸುವ ವಿಧಾನವೂ ಇದೆ.

ಹಸಿ ಸೊಪ್ಪಿಗೂ ಸುಟ್ಟ ಗಾಂಜಾಗೂ ಯಾಕೆ ಅಷ್ಟು ವ್ಯತ್ಯಾಸ?

ಗಿಡ ಟಿಎಚ್‌ಸಿಯನ್ನು ನೇರವಾಗಿ ಮಾಡುವುದಿಲ್ಲ. ಮೊದಲು ಸಿಬಿಜಿಎ ಎಂಬ ಆಮ್ಲವನ್ನು ಮಾಡುತ್ತದೆ. ಒಂದೇ ಹಿಟ್ಟನ್ನು ಕಾವಲಿಗೆ ಹುಯ್ದರೆ ದೋಸೆ, ಗುಳಿಗೆ ಹುಯ್ದರೆ ಪಡ್ಡು. ಹಾಗೆಯೇ ಯಾವ ಕಿಣ್ವ ಸಿಕ್ಕಿತು ಎಂಬುದರ ಮೇಲೆ ಈ ಸಿಬಿಜಿಎ ಟಿಎಚ್‌ಸಿಎ, ಸಿಬಿಡಿಎ ಅಥವಾ ಸಿಬಿಸಿಎ ಆಗುತ್ತದೆ. ಮಾರ್ಪಡದೆ ಉಳಿದದ್ದೇ ಸಿಬಿಜಿಯ ಮೂಲ. ಹೆಸರಿನ ಕೊನೆಯ ‘ಎ’ ಆಮ್ಲ ರೂಪದ ಗುರುತು. 110–120 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಸಿಕ್ಕಾಗ ಅದರಿಂದ ಇಂಗಾಲದ ಡೈಆಕ್ಸೈಡ್ ಕಳಚಿಕೊಳ್ಳುತ್ತದೆ. ಆಗ ಟಿಎಚ್‌ಸಿಎ ಹೋಗಿ ಅಮಲು ಕೊಡುವ ಟಿಎಚ್‌ಸಿ ಆಗುತ್ತದೆ. ಹೊಗೆಯಲ್ಲಿ ಇದು ಕ್ಷಣದ ಕೆಲಸ. ಬಿಸಿಲು ಮತ್ತು ಸಮಯ ಸಹ ಇದನ್ನೇ ನಿಧಾನವಾಗಿ ಮಾಡುತ್ತವೆ. ಹಾಗಾಗಿ ‘ಹಸಿಯದು, ಏನೂ ಆಗಲ್ಲ’ ಎಂದು ಒಣಗಿದ ಸೊಪ್ಪಿನ ವಿಷಯದಲ್ಲಿ ನಂಬಬಾರದು.

ಇವು ತೆಗೆದುಕೊಂಡರೆ ಅಮಲು ಬರುತ್ತಾ?

ಸಿಬಿಜಿ, ಸಿಬಿಸಿ, ಸಿಬಿಡಿವಿ ಮತ್ತು ಆಮ್ಲ ರೂಪಗಳಿಂದ ಬರುವುದಿಲ್ಲ. ಸಿಬಿಎನ್ ತೀರಾ ದುರ್ಬಲ, ದೊಡ್ಡ ಪ್ರಮಾಣದಲ್ಲಿ ಸ್ವಲ್ಪ ಬರಬಹುದು. ಟಿಎಚ್‌ಸಿವಿ ಕಡಿಮೆ ಪ್ರಮಾಣದಲ್ಲಿ ಟಿಎಚ್‌ಸಿಗೆ ಅಡ್ಡಿಯಾಗುತ್ತದೆ, ಪ್ರಮಾಣ ಹೆಚ್ಚಾದರೆ ತಾನೇ ಸ್ವಲ್ಪ ಟಿಎಚ್‌ಸಿಯಂತೆ ವರ್ತಿಸುತ್ತದೆ. ಇಟಲಿಯ ಸಂಶೋಧಕರು 2019ರಲ್ಲಿ ವರದಿ ಮಾಡಿದ ಟಿಎಚ್‌ಸಿಪಿಯ ಮಾತೇ ಬೇರೆ. ಪ್ರಯೋಗಶಾಲೆಯಲ್ಲಿ ಅದು ಸಿಬಿ1 ಗ್ರಾಹಕಕ್ಕೆ (ಇಂಥ ವಸ್ತುಗಳು ಮೈಯಲ್ಲಿ ಅಂಟಿಕೊಂಡು ಕೆಲಸ ಶುರುಮಾಡುವ ತಾಣ) ಟಿಎಚ್‌ಸಿಗಿಂತ ಹತ್ತಾರು ಪಟ್ಟು ಬಿಗಿಯಾಗಿ ಅಂಟಿತು. ‘ಅಪರೂಪದ ಕ್ಯಾನಬಿನಾಯ್ಡ್’ ಎಂದ ಮಾತ್ರಕ್ಕೆ ಸೌಮ್ಯ ಎಂದುಕೊಳ್ಳುವುದು ತಪ್ಪು.

ನಮ್ಮ ಮೈಯಲ್ಲಿ ಇವು ಎಲ್ಲಿ ಹೋಗಿ ಕೆಲಸ ಮಾಡುತ್ತವೆ?

ಸಿಬಿ1 ಗ್ರಾಹಕ ಹೆಚ್ಚಾಗಿ ಮಿದುಳು ಮತ್ತು ನರಗಳಲ್ಲಿದೆ. ಅದರ ಜೀನ್ ಸಿಕ್ಕಿದ್ದು 1990ರಲ್ಲಿ. ಸಿಬಿ2 ಹೆಚ್ಚಾಗಿ ರೋಗನಿರೋಧಕ ಕಣಗಳಲ್ಲಿದೆ, ಸಿಕ್ಕಿದ್ದು 1993ರಲ್ಲಿ. ನಡುವೆ 1992ರಲ್ಲಿ ನಮ್ಮ ಮಿದುಳೇ ತಯಾರಿಸುವ ಒಂದು ಕ್ಯಾನಬಿನಾಯ್ಡ್ ಸಿಕ್ಕಿತು. ಜೆರುಸಲೇಮಿನ ರಫಾಯಲ್ ಮೆಶೂಲಮ್ ಅವರ ತಂಡ ಅದಕ್ಕೆ ನಮ್ಮ ‘ಆನಂದ’ ಶಬ್ದದಿಂದಲೇ ಆನಂದಮೈಡ್ ಎಂದು ಹೆಸರಿಟ್ಟಿತು.

ಹೆಸರು ಮಾಡದ ಸಂಯುಕ್ತಗಳ ಸ್ವಾರಸ್ಯ ಬೇರೆ ಕಡೆ ಇದೆ. ಅವುಗಳಲ್ಲಿ ಹಲವು ಸಿಬಿ1ನ್ನು ಅಷ್ಟಾಗಿ ಮುಟ್ಟುವುದೇ ಇಲ್ಲ. ಮೆಣಸಿನಕಾಯಿಯ ಖಾರಕ್ಕೆ ಉರಿಯುವ ಟಿಆರ್‌ಪಿವಿ1, ಅದರ ಸಂಬಂಧಿಯಾದ ಟಿಆರ್‌ಪಿಎ1, ಸೆರೊಟೋನಿನ್ ಗ್ರಾಹಕಗಳು, ಕೊಬ್ಬು–ಸಕ್ಕರೆ ನಿಭಾಯಿಸುವ ಪಿಪಿಎಆರ್ ಗ್ರಾಹಕಗಳು, ಇಂಥ ಬೇರೆ ಬೇರೆ ಬಾಗಿಲುಗಳನ್ನು ತಟ್ಟುತ್ತವೆ. ಅಮಲಿಲ್ಲದೆ ಔಷಧಿಗುಣ ಸಿಗಬಹುದು ಎಂಬ ಆಸೆ ಹುಟ್ಟಿದ್ದು ಇಲ್ಲಿಂದಲೇ.

### ಒಂದೊಂದನ್ನೇ ತೆಗೆದು ನೋಡಿದರೆ

ಸಿಬಿಜಿ ಆ್ಯಂಟಿಬಯಾಟಿಕ್‌ಗೆ ಬದಲಿ ಅಂತಾರಲ್ಲ, ನಿಜವಾ?

ಬದಲಿ ಅಲ್ಲ. ಆದರೆ ಆ ಮಾತಿನ ಹಿಂದೆ ಗಟ್ಟಿ ಕೆಲಸವಿದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಔಷಧಿಗೆ ಬಗ್ಗದ ಸ್ಟ್ಯಾಫ್ ಬ್ಯಾಕ್ಟೀರಿಯಾ (ಎಂಆರ್‌ಎಸ್‌ಎ) ಮೇಲೆ ಸಿಬಿಜಿ ಪ್ರಯೋಗಿಸಿತು. ಮಿಲಿಲೀಟರಿಗೆ 2 ಮೈಕ್ರೋಗ್ರಾಂ ಇದ್ದರೇ ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ಸೋಂಕು ತಗುಲಿಸಿದ ಇಲಿಗಳಲ್ಲೂ ಬ್ಯಾಕ್ಟೀರಿಯಾ ಸಂಖ್ಯೆ ಇಳಿಯಿತು. ಆದರೆ ಇಲಿಗೆ ಕೊಟ್ಟ ಪ್ರಮಾಣ ಕಿಲೋ ತೂಕಕ್ಕೆ 100 ಮಿಗ್ರಾಂ. ಇದು ಮನುಷ್ಯರ ಲೆಕ್ಕದಲ್ಲಿ ಎಷ್ಟಾಗುತ್ತದೆ ಎಂಬುದನ್ನು ಕೊನೆಯ ಭಾಗದಲ್ಲಿ ಮಾಡಿ ತೋರಿಸಿದ್ದೇವೆ. ಗಾಯ ಕೀವಾದಾಗ ಸಿಬಿಜಿ ಎಣ್ಣೆ ಹಚ್ಚಿ ಕಾಯುತ್ತ ಕೂರುವುದು ಅಪಾಯ.

ಮನುಷ್ಯರ ಮೇಲೆ ನಡೆದ ಒಂದು ಸಣ್ಣ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ, ಮೊದಲೇ ಗಾಂಜಾ ಬಳಕೆಯ ಅಭ್ಯಾಸವಿದ್ದ 34 ಆರೋಗ್ಯವಂತರಿಗೆ 20 ಮಿಗ್ರಾಂ ಸಿಬಿಜಿಯನ್ನೂ ಖಾಲಿ ಔಷಧಿಯನ್ನೂ (ಹೋಲಿಕೆಗೆಂದು ಕೊಡುವ, ಮದ್ದಿಲ್ಲದ್ದು) ಬೇರೆ ಬೇರೆ ದಿನ ಕೊಟ್ಟರು. ಸಿಬಿಜಿ ತೆಗೆದುಕೊಂಡಾಗ ಆತಂಕ ಕಡಿಮೆಯಾಯಿತು. ಒಂದೇ ಡೋಸು, ಸ್ವಲ್ಪವೇ ಜನ. ಆತಂಕದ ಕಾಯಿಲೆ ಇರುವವರಿಗೆ ತಿಂಗಳುಗಟ್ಟಲೆ ಕೊಟ್ಟರೆ ಏನಾಗುತ್ತದೆ ಎಂಬುದು ಇದರಿಂದ ತಿಳಿಯುವುದಿಲ್ಲ.

ಬಿ.ಪಿ. ಮಾತ್ರೆ, ಅದರಲ್ಲೂ ಕ್ಲೋನಿಡಿನ್ ನುಂಗುವವರಿಗೆ ಒಂದು ಎಚ್ಚರಿಕೆ: ಸಿಬಿಜಿ ಆಲ್ಫಾ–2 ಅಡ್ರಿನಲಿನ್ ಗ್ರಾಹಕವನ್ನು ಚುರುಕುಗೊಳಿಸುತ್ತದೆ. ಕ್ಲೋನಿಡಿನ್ ಕೆಲಸ ಮಾಡುವುದೂ ಅಲ್ಲೇ. ಎರಡೂ ಸೇರಿದರೆ ರಕ್ತದೊತ್ತಡ ಬೀಳುವ ಸಾಧ್ಯತೆ ಇದೆ.

ನಿದ್ದೆ ಬರ್ತಿಲ್ಲ. ಸಿಬಿಎನ್ ತಗೊಳ್ಳಲಾ?

ಹಳೆಯ ಗಾಂಜಾ ತೂಕಡಿಕೆ ತರುತ್ತದೆ, ಹಳತಾದಷ್ಟೂ ಅದರಲ್ಲಿ ಸಿಬಿಎನ್ ಹೆಚ್ಚು, ಆದ್ದರಿಂದ ಸಿಬಿಎನ್ ನಿದ್ದೆ ತರುತ್ತದೆ. ಮಾರಾಟಗಾರರ ತರ್ಕ ಇಷ್ಟೇ. ಅದರಲ್ಲಿ ಮೊದಲೆರಡು ಸರಿ ಎಂದುಕೊಂಡರೂ ಮೂರನೆಯದು ತಾನಾಗಿ ಬರುವುದಿಲ್ಲ. ನಿದ್ದೆ ಸರಿಯಿಲ್ಲದವರಿಗೆ ಏಳು ರಾತ್ರಿ 20 ಮಿಗ್ರಾಂ ಸಿಬಿಎನ್ ಕೊಟ್ಟ 2023ರ ಪ್ರಯೋಗದಲ್ಲಿ ನಡುರಾತ್ರಿ ಎಚ್ಚರವಾಗುವುದು ಕಡಿಮೆಯಾಯಿತು. ಬೇಗ ನಿದ್ದೆ ಹತ್ತಲಿಲ್ಲ. ಜೊತೆಗೆ ಸಿಬಿಡಿ ಬೆರೆಸಿದ್ದರಿಂದ ಹೆಚ್ಚಿನ ಲಾಭವೂ ಕಾಣಲಿಲ್ಲ. ಮಲಗಿದ ತಕ್ಷಣ ನಿದ್ದೆ ಬರದವರಿಗೆ ಇದು ಹೊಂದುವ ಮದ್ದಲ್ಲ. ಗೊರಕೆ ಹೊಡೆದು ಉಸಿರುಗಟ್ಟಿ ಏಳುವವರು ಮೊದಲು ಆ ಉಸಿರಿನ ತೊಂದರೆಯ ತಪಾಸಣೆ ಮಾಡಿಸಬೇಕು.

ಟಿಎಚ್‌ಸಿವಿ ಸಕ್ಕರೆ ಕಾಯಿಲೆಗೂ ಬೊಜ್ಜಿಗೂ ಒಳ್ಳೇದಂತೆ?

ಗಾಂಜಾ ಸೇದಿದವರಿಗೆ ಹಸಿವು ಕೆರಳುವುದು ಸಿಬಿ1ರಿಂದ. ಟಿಎಚ್‌ಸಿವಿ ಅದನ್ನು ತಡೆಯುತ್ತದೆ, ಹಾಗಾಗಿ ಹಸಿವು ಇಳಿಯಬೇಕು. ಯೋಚನೆ ಸರಿಯಾಗಿದೆ. ಬ್ರಿಟನ್ನಿನಲ್ಲಿ ಟೈಪ್–2 ಮಧುಮೇಹದ 62 ಜನರನ್ನು ಗುಂಪು ಮಾಡಿ ನಡೆಸಿದ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. ದಿನಕ್ಕೆರಡು ಸಲ 5 ಮಿಗ್ರಾಂನಂತೆ 13 ವಾರ ಟಿಎಚ್‌ಸಿವಿ ತೆಗೆದುಕೊಂಡವರಲ್ಲಿ ಬರಿಹೊಟ್ಟೆ ಸಕ್ಕರೆ, ಖಾಲಿ ಔಷಧಿಯವರಿಗಿಂತ ಲೀಟರಿಗೆ 1.2 ಮಿಲಿಮೋಲ್ ಇಳಿಯಿತು. ನಮ್ಮ ಲ್ಯಾಬ್ ವರದಿಯ ಲೆಕ್ಕದಲ್ಲಿ ಸುಮಾರು 22 ಅಂಕ. ಆದರೆ ತೂಕ ಇಳಿಯಲಿಲ್ಲ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿಯೂ ಸುಧಾರಿಸಲಿಲ್ಲ. ಮೆಟ್‌ಫಾರ್ಮಿನ್ ನಿಲ್ಲಿಸಿ ಇದಕ್ಕೆ ಹೋಗುವಷ್ಟು ಇದರಲ್ಲಿ ಏನೂ ಇಲ್ಲ.

ಇಲ್ಲಿ ಹಳೆಯದೊಂದು ಪಾಠವೂ ಇದೆ. ಸಿಬಿ1ನ್ನು ಬಲವಾಗಿ ಮುಚ್ಚುವ ರಿಮೊನಬಂಟ್ ಎಂಬ ಬೊಜ್ಜಿನ ಮಾತ್ರೆ 2006ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂದು, ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆಗಳ ಕಾರಣಕ್ಕೆ 2008ರಲ್ಲಿ ವಾಪಸಾಯಿತು. ಟಿಎಚ್‌ಸಿವಿ ಅಷ್ಟು ಬಲವಾದದ್ದಲ್ಲ, ತಡೆಯುವ ಬಗೆಯೂ ಬೇರೆ. ಆದರೂ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವವರು ದೂರವಿರುವುದೇ ಲೇಸು.

ನಮ್ಮ ಹುಡುಗನಿಗೆ ಫಿಟ್ಸ್ ಇದೆ. ಸಿಬಿಡಿಗಿಂತ ಸಿಬಿಡಿವಿ ಒಳ್ಳೇದಾ?

ಇಲ್ಲ. ಗಾಂಜಾ ಮತ್ತು ಮೂರ್ಛೆರೋಗದ ನಂಟು ಹಳೆಯದು. 1839ರಲ್ಲೇ ಕಲ್ಕತ್ತದ ವೈದ್ಯ ವಿಲಿಯಂ ಒ’ಶಾಗ್ನೆಸಿ ಮಗುವಿನ ಸೆಳವಿಗೆ ಗಾಂಜಾ ಸಾರ ಕೊಟ್ಟದ್ದನ್ನು ಬರೆದಿಟ್ಟಿದ್ದಾರೆ. ಇಂದು ದೊಡ್ಡ ಪ್ರಯೋಗಗಳಲ್ಲಿ ಗೆದ್ದಿರುವುದು ಶುದ್ಧ ಸಿಬಿಡಿ ಮಾತ್ರ. ಎಪಿಡಿಯೊಲೆಕ್ಸ್ ಹೆಸರಿನಲ್ಲಿ 2018ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು, ಅದೂ ಡ್ರಾವೆ, ಲೆನಾಕ್ಸ್–ಗ್ಯಾಸ್ಟೊ ಎಂಬ ಎರಡು ಅಪರೂಪದ, ತೀವ್ರ ಬಗೆಗಳಿಗೆ. 2020ರಲ್ಲಿ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯಿಂದ ಬರುವ ಫಿಟ್ಸ್ ಸೇರಿತು. ಸಿಬಿಡಿವಿಯನ್ನು 162 ವಯಸ್ಕರ ಮೇಲೆ ಪರೀಕ್ಷಿಸಿದಾಗ ಫಿಟ್ಸ್ ಸುಮಾರು 40% ಇಳಿಯಿತು. ಖಾಲಿ ಔಷಧಿ ತೆಗೆದುಕೊಂಡವರಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಇಲಿಗಳಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತ್ತು.

ಪ್ರಮಾಣವನ್ನೂ ನೋಡಿ. ಎಪಿಡಿಯೊಲೆಕ್ಸ್ ಶುರುವಾಗುವುದು ಕಿಲೋ ತೂಕಕ್ಕೆ 2.5 ಮಿಗ್ರಾಂ, ದಿನಕ್ಕೆರಡು ಸಲ. ಒಂದು ವಾರದ ಮೇಲೆ 5 ಮಿಗ್ರಾಂ, ದಿನಕ್ಕೆರಡು ಸಲ. 20 ಕಿಲೋ ಮಗುವಿಗೆ ಅದು ದಿನಕ್ಕೆ 200 ಮಿಗ್ರಾಂ. ಅಂಗಡಿಯ 300 ಮಿಗ್ರಾಂ ಬಾಟಲಿ ಒಂದೂವರೆ ದಿನಕ್ಕೆ ಮುಗಿಯುತ್ತದೆ. ಹನಿಗಳ ಲೆಕ್ಕದಲ್ಲಿ ಕೊಡುತ್ತ, ನಡೆಯುತ್ತಿರುವ ಫಿಟ್ಸ್ ಮಾತ್ರೆ ನಿಲ್ಲಿಸುವುದೇ ಎಲ್ಲಕ್ಕಿಂತ ದೊಡ್ಡ ಅನಾಹುತ. ಮಾತ್ರೆ ಏಕಾಏಕಿ ನಿಂತರೆ ಬಿಡದೆ ಬರುವ ಫಿಟ್ಸ್ ಪ್ರಾಣಕ್ಕೇ ಎರವಾಗಬಹುದು.

ಸಿಬಿಸಿ?

ಇಲಿಗಳಲ್ಲಿ ಉರಿಯೂತ ಇಳಿಸಿದೆ, ಟಿಆರ್‌ಪಿಎ1ನ್ನು ಮುಟ್ಟುತ್ತದೆ. ಮನುಷ್ಯರ ಬಗ್ಗೆ ಸಲಹೆ ಕೊಡುವಷ್ಟು ಆಧಾರವಿಲ್ಲ.

ಕಾಳುಮೆಣಸಲ್ಲೂ ಗಾಂಜಾದ ಔಷಧಿ ಅಂಶ ಇದೆಯಂತೆ, ಹೌದಾ?

ಹೌದು. ಬೀಟಾ–ಕ್ಯಾರಿಯೊಫಿಲೀನ್ ಎಂಬ ಟರ್ಪೀನ್ ಗಾಂಜಾ, ಕಾಳುಮೆಣಸು, ಲವಂಗ ಮೂರರಲ್ಲೂ ಇದೆ. ಅದು ಸಿಬಿ2 ಗ್ರಾಹಕವನ್ನು ನೇರವಾಗಿ ಚುರುಕುಗೊಳಿಸುತ್ತದೆ, ಸಿಬಿ1ನ್ನು ಮುಟ್ಟುವುದಿಲ್ಲ ಎಂದು 2008ರಲ್ಲಿ ಯೂರ್ಗ್ ಗೆರ್ಚ್ ಮತ್ತು ಸಂಗಡಿಗರು ತೋರಿಸಿದರು. ದಿನವೂ ತಿನ್ನುವ ಆಹಾರದಲ್ಲೇ ಕ್ಯಾನಬಿನಾಯ್ಡ್‌ನಂತೆ ಕೆಲಸ ಮಾಡುವ ವಸ್ತು ಇದೆ ಎಂದಾಯಿತು. ಇಲಿಯ ಪಾದದ ಊತ ಇಳಿಸಲು ಬಾಯಿಯಿಂದ ಕೊಟ್ಟದ್ದು ಕಿಲೋಗೆ 5 ಮಿಗ್ರಾಂ. 60 ಕಿಲೋ ಮನುಷ್ಯನಿಗೆ ಪರಿವರ್ತಿಸಿದರೆ 24 ಮಿಗ್ರಾಂ ಆಸುಪಾಸು. ಒಂದು ಗ್ರಾಂ ಕಾಳುಮೆಣಸಿನಲ್ಲಿ 20–30 ಮಿಗ್ರಾಂ ಸುಗಂಧ ತೈಲ, ಅದರ 10–30% ಕ್ಯಾರಿಯೊಫಿಲೀನ್ ಎಂದು ಹಿಡಿದರೆ 2ರಿಂದ 9 ಮಿಗ್ರಾಂ. ಪುಟದಲ್ಲಿರುವ ಎಲ್ಲ ಸಂಯುಕ್ತಗಳಲ್ಲಿ ಇಲಿಯ ಪ್ರಮಾಣ ಊಟದ ಪ್ರಮಾಣಕ್ಕೆ ಇಷ್ಟು ಹತ್ತಿರ ಬರುವುದು ಇದೊಂದರದೇ. ಮಲೆನಾಡಿನಂಥ ಮೆಣಸಿನ ಸೀಮೆಯವರು ಇದರ ಮೇಲೆ ಇನ್ನಷ್ಟು ಸಂಶೋಧನೆ ಕೇಳುವುದು ನ್ಯಾಯವೇ. ಆದರೆ ಮಂಡಿನೋವಿಗೆಂದು ದಿನಕ್ಕೆ ಆರೇಳು ಗ್ರಾಂ ಮೆಣಸು ನುಂಗಿದರೆ ಹೊಟ್ಟೆ ಉರಿಯುವುದು ಖಂಡಿತ. ಸಾರಿಗೆ ಹಾಕುವವರು ಆಗಲೇ ಕುಟ್ಟಿ, ಒಲೆಯಿಂದ ಇಳಿಸುವ ಹೊತ್ತಿಗೆ ಹಾಕಿ. ಬಹಳ ಹೊತ್ತು ಕುದಿಸಿದರೆ ತೈಲ ಆವಿಯ ಜೊತೆ ಹೋಗುತ್ತದೆ.

ಕ್ಯಾನ್‌ಫ್ಲೇವಿನ್ ಆಸ್ಪಿರಿನ್‌ಗಿಂತ 30 ಪಟ್ಟು ಬಲ ಅನ್ನೋದು ಎಲ್ಲಿಂದ ಬಂತು?

1985ರಲ್ಲಿ ಮ್ಯಾರಿಲಿನ್ ಬ್ಯಾರೆಟ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಮಾಡಿದ ಕೆಲಸದಿಂದ. ಕೀಲಿನ ಒಳಪದರದ ಕಣಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಊತ ತರುವ ಪ್ರೊಸ್ಟಗ್ಲಾಂಡಿನ್ ಎಷ್ಟು ಹೊರಬರುತ್ತದೆ ಎಂದು ಅಳೆದರು. ಅಲ್ಲಿ ಕ್ಯಾನ್‌ಫ್ಲೇವಿನ್–ಎ ಆಸ್ಪಿರಿನ್‌ಗಿಂತ 30 ಪಟ್ಟು ಪರಿಣಾಮ ತೋರಿತು. ಗಿಡದಲ್ಲಿ ಇದು ಸಿಗುವುದು ಅತ್ಯಲ್ಪ. 2019ರಲ್ಲಿ ಕೆನಡಾದ ಗುಯೆಲ್ಫ್ ವಿಶ್ವವಿದ್ಯಾಲಯದವರು ಗಿಡ ಇದನ್ನು ಹೇಗೆ ತಯಾರಿಸುತ್ತದೆ ಎಂದು ಕಂಡುಹಿಡಿದ ಮೇಲೆ ಬೇರೆ ವಿಧಾನದಲ್ಲಿ ತಯಾರಿಸುವ ದಾರಿ ತೆರೆದಿದೆ. ಯಾವ ಎಣ್ಣೆ ಬಾಟಲಿಯಿಂದಲೂ ಈ 30 ಪಟ್ಟು ನಿಮಗೆ ಸಿಗುವುದಿಲ್ಲ.

### ಬಾಟಲಿ, ಹನಿ, ಲ್ಯಾಬ್ ವರದಿ

ಒಂದು ಹನಿಯಲ್ಲಿ ಎಷ್ಟಿದೆ ಅಂತ ಹೇಗೆ ಲೆಕ್ಕ ಹಾಕೋದು?

ಒಟ್ಟು ಮಿಗ್ರಾಂ ಅನ್ನು ಒಟ್ಟು ಮಿಲಿಲೀಟರಿನಿಂದ ಭಾಗಿಸಿ, ಬಂದದ್ದನ್ನು 20ರಿಂದ ಭಾಗಿಸಿ (ಒಂದು ಮಿಲಿಗೆ ಸುಮಾರು 20 ಹನಿ). 30 ಮಿಲಿ ಬಾಟಲಿಯಲ್ಲಿ 300 ಮಿಗ್ರಾಂ ಸಿಬಿಜಿ ಇದ್ದರೆ ಮಿಲಿಗೆ 10 ಮಿಗ್ರಾಂ, ಹನಿಗೆ ಅರ್ಧ ಮಿಗ್ರಾಂ. 20 ಮಿಗ್ರಾಂ ಬೇಕಾದರೆ 40 ಹನಿ, ಅಂದರೆ 2 ಮಿಲಿ. ಬಾಟಲಿ ಹದಿನೈದು ದಿನಕ್ಕೆ ಖಾಲಿ. ಎಣ್ಣೆ, ಡ್ರಾಪರ್ ಬದಲಾದರೆ ಹನಿಯ ಗಾತ್ರವೂ ಬದಲಾಗುತ್ತದೆ, ಹಾಗಾಗಿ ಹನಿ ಎಣಿಸುವ ಬದಲು ಗುರುತಿರುವ ಸಿರಿಂಜಿನಲ್ಲಿ ಅಳೆಯಿರಿ. ಲೇಬಲ್ಲಿನ ದೊಡ್ಡ ಅಂಕಿ ‘ಒಟ್ಟು ಸಾರ’ದ್ದೋ ಸಿಬಿಜಿಯದ್ದೋ ಎಂದು ಮೊದಲು ನೋಡಿ. ಹೆಚ್ಚಿನ ಗೊಂದಲ ಇಲ್ಲೇ ಆಗುವುದು.

ಲ್ಯಾಬ್ ವರದಿಯಲ್ಲಿ ಏನು ನೋಡಬೇಕು?

ಮೊದಲು, ವರದಿಯ ಬ್ಯಾಚ್ ಸಂಖ್ಯೆಯೂ ಬಾಟಲಿಯ ಬ್ಯಾಚ್ ಸಂಖ್ಯೆಯೂ ಒಂದೇ ಇರಬೇಕು. ಆಮೇಲೆ ಯಾವ ಯಂತ್ರದಲ್ಲಿ ಅಳೆದರು ಎಂದು ನೋಡಿ. ಗ್ಯಾಸ್ ಕ್ರೊಮಟೊಗ್ರಫಿಯಲ್ಲಿ ಮಾದರಿ ಬಿಸಿಯಾಗುವುದರಿಂದ ಟಿಎಚ್‌ಸಿಎ ಟಿಎಚ್‌ಸಿಯಾಗಿಯೇ ಕಾಣುತ್ತದೆ. ಆಮ್ಲ ರೂಪ ಬೇರೆಯಾಗಿ ಕಾಣಬೇಕಾದರೆ ಹಾಗೆ ಬಿಸಿ ಮಾಡದೆ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ಬೇಕು. ಒಟ್ಟು ಟಿಎಚ್‌ಸಿಯ ಸೂತ್ರ: ಟಿಎಚ್‌ಸಿ + (0.877 × ಟಿಎಚ್‌ಸಿಎ). ವರದಿಯಲ್ಲಿ ಟಿಎಚ್‌ಸಿ 0.2%, ಟಿಎಚ್‌ಸಿಎ 1% ಇದ್ದರೆ ಒಟ್ಟು 1.08%. ‘0.2% ಮಾತ್ರ’ ಎಂದು ಮಾರುವವರು ಎರಡನೆಯ ಸಾಲನ್ನು ಮುಚ್ಚಿಡುತ್ತಾರೆ. ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ ಪರೀಕ್ಷೆಯೂ ಇರಬೇಕು, ಏಕೆಂದರೆ ಈ ಗಿಡ ಮಣ್ಣಿನ ಲೋಹಗಳನ್ನು ಚೆನ್ನಾಗಿ ಹೀರುತ್ತದೆ. ಸಾರ ತೆಗೆಯಲು ಬಳಸಿದ ದ್ರಾವಕ ಎಷ್ಟು ಉಳಿದಿದೆ, ಬೂಷ್ಟಿನ ವಿಷ ಇದೆಯೇ ಎಂಬುದೂ ಬೇಕು.

ವರದಿ ಕೇಳಲು ಸಂಕೋಚ ಬೇಡ. ಅಮೆರಿಕದಲ್ಲಿ ಆನ್‌ಲೈನಿನಲ್ಲಿ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೇಬಲ್ ಸರಿ ಇದ್ದದ್ದು 31%ಕ್ಕೆ ಮಾತ್ರ, 18ರಲ್ಲಿ ಟಿಎಚ್‌ಸಿ ಸಿಕ್ಕಿತು.

ಬೇರೆ ಮಾತ್ರೆ ಜೊತೆ ತಗೋಬಹುದಾ? ಊಟಕ್ಕೆ ಮೊದಲಾ, ಆಮೇಲಾ?

ಸಿಬಿಡಿಯ ವಿಷಯದಲ್ಲಿ ಚೆನ್ನಾಗಿ ತಿಳಿದಿರುವುದು ಇಷ್ಟು: ಫಿಟ್ಸ್ ಮಾತ್ರೆಯಾದ ಕ್ಲೋಬಜಮ್ ಜೊತೆ ಕೊಟ್ಟರೆ ಅದರಿಂದ ಹುಟ್ಟುವ ಸಕ್ರಿಯ ವಸ್ತು ರಕ್ತದಲ್ಲಿ ಸುಮಾರು ಮೂರು ಪಟ್ಟಾಗಿ ಮಗು ತೂಕಡಿಸುತ್ತದೆ. ಇನ್ನೊಂದು ಫಿಟ್ಸ್ ಮಾತ್ರೆ ವಾಲ್‌ಪ್ರೋಯೇಟ್ ಜೊತೆ ಲಿವರ್ ಕಿಣ್ವಗಳು ಏರುತ್ತವೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಏರಬಹುದು. ಮೂತ್ರಪಿಂಡ ಕಸಿ ಆದವರಲ್ಲಿ ಕಸಿಯನ್ನು ಕಾಯುವ ಟ್ಯಾಕ್ರೊಲಿಮಸ್ ಔಷಧಿಯ ಮಟ್ಟ ಏರಬಹುದು. ಸಿಬಿಜಿ, ಸಿಬಿಎನ್ ಕೂಡ ಲಿವರಿನ ಅದೇ ಕಿಣ್ವಗಳ ದಾರಿಯಲ್ಲೇ ಸಾಗುವುದರಿಂದ ಅದೇ ಎಚ್ಚರ ಇಲ್ಲೂ ಬೇಕು. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಬೇಡವೇ ಬೇಡ.

ತುಪ್ಪ, ಎಣ್ಣೆ ಹೆಚ್ಚಿರುವ ಊಟದ ಜೊತೆ ಸಿಬಿಡಿ ನಾಲ್ಕೈದು ಪಟ್ಟು ಹೆಚ್ಚು ಹೀರಿಕೆಯಾಗುತ್ತದೆ. ಒಂದು ದಿನ ಬರಿಹೊಟ್ಟೆಗೆ, ಮರುದಿನ ಹೋಳಿಗೆ ಊಟದ ಮೇಲೆ ತೆಗೆದುಕೊಂಡರೆ ಒಂದೇ ಡೋಸು ನಾಲ್ಕೈದು ಡೋಸಿನಂತೆ ವರ್ತಿಸಬಹುದು. ಯಾವುದಾದರೂ ಒಂದು ಪದ್ಧತಿಗೆ ಅಂಟಿಕೊಳ್ಳಿ.

ಎಣ್ಣೆ ಎಷ್ಟು ದಿನ ಇಡಬಹುದು?

ಬೆಳಕು, ಗಾಳಿ, ಶಾಖ ಮೂರೂ ಶತ್ರುಗಳು. ಸಾಧಾರಣ ಕೋಣೆಯಲ್ಲಿಟ್ಟ ಗಾಂಜಾ ಮೊದಲ ವರ್ಷದಲ್ಲೇ ಸುಮಾರು 17% ಟಿಎಚ್‌ಸಿ ಕಳೆದುಕೊಳ್ಳುತ್ತದೆ, ನಾಲ್ಕು ವರ್ಷದಲ್ಲಿ ಸುಮಾರು 41%. ಅದರಲ್ಲಿ ಒಂದಷ್ಟು ಸಿಬಿಎನ್ ಆಗುತ್ತದೆ. ಕಂದು ಗಾಜಿನ ಬಾಟಲಿ, ಬಿಗಿ ಮುಚ್ಚಳ, ಫ್ರಿಜ್ಜು ಸಾಕು. ಕಮಟು ವಾಸನೆ ಬಂದರೆ ಎಣ್ಣೆಯೇ ಕೆಟ್ಟಿದೆ ಎಂದರ್ಥ, ಬಿಸಾಡಿ.

### ಕಾನೂನು ಮತ್ತು ಪ್ರಯಾಣ

ಇದು ಭಾರತದಲ್ಲಿ ಕಾನೂನುಬದ್ಧವಾ?

ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ವ್ಯಾಖ್ಯೆಯಲ್ಲಿ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ತುದಿಯ ಜೊತೆಗಿಲ್ಲದ ಎಲೆ ಮತ್ತು ಬೀಜ ಅದರಲ್ಲಿ ಬರುವುದಿಲ್ಲ. ಎಲೆಯಿಂದ ಮಾಡುವ ಭಂಗಿಯ ನಿಯಂತ್ರಣ ಆಯಾ ರಾಜ್ಯಗಳ ಅಬಕಾರಿ ಕಾನೂನಿಗೆ ಬಿಟ್ಟದ್ದು. ಆಯುರ್ವೇದದಲ್ಲಿ ಈ ಗಿಡದ ಹೆಸರು ವಿಜಯಾ. ಜಾತೀಫಲಾದಿ ಚೂರ್ಣದಲ್ಲಿ ಶುದ್ಧಿ ಮಾಡಿದ ಭಂಗಿ ಇದೆ. ಔಷಧ ನಿಯಮಗಳ ಇ(1) ಪಟ್ಟಿಯಲ್ಲಿ (ವಿಷಕಾರಿ ಎಂದು ಗುರುತಿಸಿದ ವಸ್ತುಗಳ ಪಟ್ಟಿ) ಭಂಗಿ ಇರುವುದರಿಂದ ಇಂಥ ಔಷಧಿಗಳ ಮೇಲೆ ‘ವೈದ್ಯರ ಮೇಲ್ವಿಚಾರಣೆಯಲ್ಲಿ ತೆಗೆದುಕೊಳ್ಳಬೇಕು’ ಎಂಬ ಎಚ್ಚರಿಕೆ ಇರಲೇಬೇಕು. ಮಾರುಕಟ್ಟೆಯ ಎಣ್ಣೆಗಳು ಬರುವುದು ಹೆಚ್ಚಾಗಿ ಈ ದಾರಿಯಲ್ಲೇ, ಚೀಟಿ ಇಲ್ಲದೆ ಕೊಳ್ಳಬೇಡಿ.

ಕಿರಾಣಿ ಅಂಗಡಿಯ ‘ಹೆಂಪ್ ಬೀಜದ ಎಣ್ಣೆ’ (ಇದೇ ಗಿಡದ ಬೀಜದಿಂದ ತೆಗೆದದ್ದು) ಬೇರೆ ವಸ್ತು. ಆಹಾರ ಸುರಕ್ಷತಾ ಪ್ರಾಧಿಕಾರದ 2021ರ ನಿಯಮದಂತೆ ಬೀಜದಲ್ಲಿ ಟಿಎಚ್‌ಸಿ ಕಿಲೋಗೆ 5 ಮಿಗ್ರಾಂ, ಬೀಜದೆಣ್ಣೆಯಲ್ಲಿ 10 ಮಿಗ್ರಾಂ ಮೀರಬಾರದು. ಒಳ್ಳೆಯ ಕೊಬ್ಬು, ಪ್ರೋಟೀನ್ ಇದೆ. ಔಷಧಿಯೆಂದು ಕುಡಿಯಲು ಬೇಕಾದಷ್ಟು ಕ್ಯಾನಬಿನಾಯ್ಡ್ ಇಲ್ಲ.

ದುಬೈಗೆ ಹೋಗುವಾಗ ಬ್ಯಾಗಲ್ಲಿ ಇಟ್ಟುಕೊಳ್ಳಬಹುದಾ?

ಬೇಡ. ದುಬೈ, ಸಿಂಗಪುರಗಳಲ್ಲಿ ಸಿಬಿಡಿ ಎಣ್ಣೆಯೂ ನಿಷಿದ್ಧ. ನಮ್ಮ ವೈದ್ಯರ ಚೀಟಿ ಅಲ್ಲಿ ರಕ್ಷಣೆ ಕೊಡುವುದಿಲ್ಲ. ಕೆಲಸಕ್ಕೆ ಸೇರುವ ಮುಂಚಿನ ಮೂತ್ರ ಪರೀಕ್ಷೆಯಲ್ಲೂ ತೊಂದರೆ ಇದೆ: ಗಿಡದ ಪೂರ್ಣ ಸಾರದಲ್ಲಿರುವ ಚೂರು ಟಿಎಚ್‌ಸಿ ದಿನವೂ ಸೇರಿ ಪಾಸಿಟಿವ್ ತೋರಿಸಬಹುದು. ಕೆಲವು ಕಿಟ್‌ಗಳು ಸಿಬಿಎನ್ನನ್ನೂ ಟಿಎಚ್‌ಸಿ ಎಂದೇ ಓದುತ್ತವೆ.

### ಇನ್ನೂ ಆಳಕ್ಕೆ ಹೋಗುವವರಿಗೆ

ಎಲ್ಲಾ ಸೇರಿದ್ರೆ ಹೆಚ್ಚು ಕೆಲಸ ಮಾಡುತ್ತೆ ಅನ್ನೋ ‘ಪರಿವಾರ ಪರಿಣಾಮ’ ಸತ್ಯವಾ?

1998ರಲ್ಲಿ ಮೆಶೂಲಮ್ ಇದ್ದ ತಂಡ ಈ ಮಾತನ್ನು ಬಳಸಿದ್ದು ಗಿಡದ ಬಗ್ಗೆ ಅಲ್ಲ, ನಮ್ಮ ದೇಹದ 2–ಎಜಿ ಎಂಬ ಕ್ಯಾನಬಿನಾಯ್ಡ್ ಮತ್ತು ಅದರ ಜೊತೆಗಿರುವ ಕೊಬ್ಬಿನ ಅಣುಗಳ ಬಗ್ಗೆ. 2011ರಲ್ಲಿ ಈಥನ್ ರುಸೊ ಅದನ್ನು ಟರ್ಪೀನ್‌ಗಳಿಗೆ ವಿಸ್ತರಿಸಿ ವಿವರವಾಗಿ ಬರೆದ ಮೇಲೆ ಎಲ್ಲೆಡೆ ಹರಡಿತು. ನಮ್ಮ ಅಭಿಪ್ರಾಯದಲ್ಲಿ ಇದನ್ನು ಒಂದೇ ಸಿದ್ಧಾಂತ ಎಂದು ಒಪ್ಪುವುದೂ ತಪ್ಪು, ತಳ್ಳಿಹಾಕುವುದೂ ತಪ್ಪು. ಜೋಡಿ ಜೋಡಿಯಾಗಿ ಪರೀಕ್ಷಿಸಬೇಕು. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಹಾಗೆ ಮಾಡಿದ ಪ್ರಯೋಗ 2024ರಲ್ಲಿ ಬಂತು: 30 ಮಿಗ್ರಾಂ ಟಿಎಚ್‌ಸಿ ಜೊತೆ 15 ಮಿಗ್ರಾಂ ಲಿಮೊನೀನ್ (ನಿಂಬೆ, ಕಿತ್ತಳೆ ಸಿಪ್ಪೆಯ ವಾಸನೆ) ಆವಿಯಾಗಿ ಎಳೆದಾಗ, ಟಿಎಚ್‌ಸಿ ತರುವ ಗಾಬರಿ ಕಡಿಮೆಯಾಯಿತು. ಆದರೆ ಟಿಎಚ್‌ಸಿಯ ಉಳಿದ ಪರಿಣಾಮಗಳು ಹಾಗೇ ಇದ್ದವು. ಇದು ಸ್ಪಷ್ಟ ಉತ್ತರ. ಒಂದು ಬಾಟಲಿಯಲ್ಲಿ ಹತ್ತು ಹೆಸರು ಬರೆದು, ಯಾವುದು ಎಷ್ಟು ಎಂದು ಹೇಳದಿದ್ದರೆ ಅದಕ್ಕೆ ಈ ಪ್ರಯೋಗ ಆಧಾರವಾಗುವುದಿಲ್ಲ.

ಸಿಬಿಜಿ ಕ್ಯಾನ್ಸರ್ ಕಣ ಕೊಲ್ಲುತ್ತೆ ಅಂತ ಪೇಪರಲ್ಲಿ ಬಂದಿತ್ತು. ಇಲಿಗೆ ಕೆಲಸ ಮಾಡಿದ್ದು ನಮಗೆ ಯಾಕೆ ಮಾಡಲ್ಲ?

ಎರಡು ಲೆಕ್ಕ ಮಾಡಿ ನೋಡಿ.

ತಟ್ಟೆಯ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವ ಸಾಂದ್ರತೆ 10 ಮೈಕ್ರೋಮೋಲಾರ್ ಆಸುಪಾಸು. ಸಿಬಿಜಿಯ ಅಣುತೂಕ 316.5, ಅಂದರೆ ಲೀಟರಿಗೆ 3.2 ಮಿಗ್ರಾಂ, ಮಿಲಿಲೀಟರಿಗೆ 3,200 ನ್ಯಾನೋಗ್ರಾಂ. ಬಾಯಿಯಿಂದ ಹತ್ತಿಪ್ಪತ್ತು ಮಿಗ್ರಾಂ ಸಿಬಿಡಿ ತೆಗೆದುಕೊಂಡವರ ರಕ್ತದಲ್ಲಿ ಸಿಗುವುದು ಮಿಲಿಲೀಟರಿಗೆ ಬೆರಳೆಣಿಕೆಯಷ್ಟು ನ್ಯಾನೋಗ್ರಾಂ. ಸಿಬಿಜಿ ಅದಕ್ಕಿಂತ ಹಲವು ಪಟ್ಟು ಹೀರಿಕೆಯಾಗುತ್ತದೆ ಎಂದುಕೊಂಡರೂ ಅಂತರ ನೂರಾರು ಪಟ್ಟು ಉಳಿಯುತ್ತದೆ. ಆ ಸಾಂದ್ರತೆಯಲ್ಲಿ ಒಳ್ಳೆಯ ಕಣಗಳಿಗೂ ಪೆಟ್ಟು ಬೀಳಬಹುದು.

ಇಲಿಯ ಪ್ರಮಾಣವನ್ನು ಮನುಷ್ಯರಿಗೆ ಬದಲಿಸಲು ಮಿಗ್ರಾಂ/ಕಿಲೋ ಅಂಕಿಯನ್ನು ಸಣ್ಣ ಇಲಿಯಾದರೆ 12.3ರಿಂದ, ದೊಡ್ಡ ಇಲಿಯಾದರೆ 6.2ರಿಂದ ಭಾಗಿಸಬೇಕು. ಮ್ಯಾಕ್‌ಮಾಸ್ಟರ್‌ನ ಸಣ್ಣ ಇಲಿಗಳ 100 ಮಿಗ್ರಾಂ/ಕಿಲೋ ಹೀಗೆ 8.1 ಆಗುತ್ತದೆ, 60 ಕಿಲೋ ಮನುಷ್ಯನಿಗೆ ಸುಮಾರು 490 ಮಿಗ್ರಾಂ. ಮೇಲಿನ ಬಾಟಲಿಯ ಲೆಕ್ಕದಲ್ಲಿ ಅದು 49 ಮಿಲಿ, ಒಂದೂವರೆ ಬಾಟಲಿಗಿಂತ ಸ್ವಲ್ಪ ಹೆಚ್ಚು, ಒಂದೇ ಸಲಕ್ಕೆ. ಅಷ್ಟನ್ನು ಮನುಷ್ಯರ ಲಿವರ್ ತಡೆದುಕೊಳ್ಳುತ್ತದೆಯೇ ಎಂದು ನೋಡುವುದೇ ಮುಂದಿನ ಹಂತದ ಪ್ರಯೋಗಗಳ ಮೊದಲ ಕೆಲಸ. ಅದು ಮುಗಿಯುವವರೆಗೆ ಕೀಮೋ, ರೇಡಿಯೇಷನ್ ಬಿಟ್ಟು ಇದನ್ನು ನಂಬಬೇಡಿ. ವಾಕರಿಕೆಗೋ ನೋವಿಗೋ ಜೊತೆಗೆ ಬಳಸಬೇಕೆನಿಸಿದರೆ ಬಾಟಲಿಯನ್ನೂ ಲ್ಯಾಬ್ ವರದಿಯನ್ನೂ ತೆಗೆದುಕೊಂಡು ಹೋಗಿ ಕ್ಯಾನ್ಸರ್ ವೈದ್ಯರ ಮುಂದಿಡಿ. ಬೈಯುತ್ತಾರೆಂದು ಮುಚ್ಚಿಟ್ಟರೆ, ಔಷಧಿಗಳ ತಾಕಲಾಟ ಆದಾಗ ಕಾರಣ ಹುಡುಕಲು ಅವರಿಗೆ ದಾರಿಯೇ ಇರುವುದಿಲ್ಲ.